ಪಶ್ಚಾತ್‌ಚಕ್ರಾಕ್ಷ ಮೀಮಾಂಸೆ: ಅಂಬಾಸಿಡರ್ ಡಿಫರೆನ್ಷಿಯಲ್‌ನ ತಾತ್ವಿಕ ನೆಲೆಗಳು

ಅಂಬಾಸಿಡರ್ ಕಾರಿನ ಡಿಫರೆನ್ಷಿಯಲ್ ಬಿಚ್ಚಿ ಕಟ್ಟುವ ಕ್ರಿಯೆಯನ್ನು ವಿದ್ವತ್ ವಲಯ ಈತನಕ ಬರೀ ರಿಪೇರಿ ಎಂದೇ ಬಗೆದಿದೆ. ಇದೊಂದು ಜ್ಞಾನಮೀಮಾಂಸಾತ್ಮಕ ಲೋಪ. ಕ್ರೌನ್ ಎಂಬ ದೊಡ್ಡ ಹಲ್ಲುಗಾಲಿ ಮತ್ತು ಅದನ್ನು ತಿರುಗಿಸುವ ಸಣ್ಣ ಹಲ್ಲುಗಾಲಿ ಪಿನಿಯನ್‌ಗಳ ಅನುಸಂಧಾನವನ್ನು ವಸಾಹತೋತ್ತರ ನೆಲೆಯಲ್ಲಿ, ಬಹುತ್ವದ ಹಿನ್ನೆಲೆಯಲ್ಲಿ, ಸಾಧ್ಯವಾದರೆ ಟಿಎ-ಡಿಎ ಸಹಿತ ಎರಡು ದಿನಗಳ ವಿಚಾರ ಸಂಕಿರಣದಲ್ಲಿ ಮುಖಾಮುಖಿಯಾಗಿಸುವುದು ಪ್ರಸ್ತುತ ಪ್ರಬಂಧದ ಆಶಯ.

ಮೊದಲು ಪೂರ್ವಪಕ್ಷ. ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಉರುಳಬೇಕು. ಎರಡನ್ನೂ ಒಂದೇ ಅಚ್ಚಿಗೆ ಬಿಗಿದರೆ ಟೈರು ರಸ್ತೆಯನ್ನು ಉಜ್ಜುತ್ತದೆ. ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್ 1820ರ ದಶಕದಲ್ಲೇ ಉಗಿಬಂಡಿಗೆಂದು ಇದಕ್ಕೆ ಗೇರುಗಳ ಉಪಾಯ ಹೂಡಿ ಪೇಟೆಂಟ್ ಪಡೆದ; ಅದೇ ಡಿಫರೆನ್ಷಿಯಲ್. ಅದನ್ನು ‘ಭಿನ್ನತೆಗಳ ಸಹಬಾಳ್ವೆಯ ಸಂಕಥನ’ ಎಂದು ಕರೆಯಲು ಅವನಿಗೆ ಹೊಳೆಯದೇ ಹೋದದ್ದು ಅವನ ಸೈದ್ಧಾಂತಿಕ ಮಿತಿ.

ಇನ್ನು ನಾದಮೀಮಾಂಸೆ. ಹಳೆಯ ಡಿಫರೆನ್ಷಿಯಲ್‌ನ ಧ್ವನಿ ಚತುರ್ವಿಧ. ಆಕ್ಸಿಲರೇಟರ್ ಒತ್ತಿದಾಗಿನ ಕೊರಗು ‘ಆರೋಹಣ ವಿಷಾದ’: ಕ್ರೌನ್-ಪಿನಿಯನ್ ಹಲ್ಲುಗಳು ಸರಿಯಾದ ಜಾಗದಲ್ಲಿ ಕೂತಿಲ್ಲ. ಕಾಲು ತೆಗೆದಾಗ ಕೇಳುವುದು ‘ಅವರೋಹಣ ವಿಷಾದ’: ಪಿನಿಯನ್ ಬೇರಿಂಗ್ ಸಡಿಲಾಗಿರಬಹುದು. ತಿರುವಿನಲ್ಲಷ್ಟೇ ಕಟಕಟ ಎಂದರೆ ಒಳಗಿನ ಸಣ್ಣ ಗೇರುಗಳೋ ಅವುಗಳ ವಾಷರ್‌ಗಳೋ ಸವೆದಿವೆ. ಈ ಮೂರನೆಯದಕ್ಕೂ ನಾಲ್ಕನೆಯದಕ್ಕೂ ಸಂಸ್ಕೃತದಲ್ಲಿ ಹೆಸರಿಡಬಹುದು. ಬೇಡ, ಸಾಕು.

ಏಕೆಂದರೆ ನಿಜವಾದ ಕೆಲಸ ಇಷ್ಟೆಲ್ಲ ಹೆಸರು ಬೇಡುವುದಿಲ್ಲ. ಪಿನಿಯನ್‌ಗೆ 8, ಕ್ರೌನ್‌ಗೆ 39 ಹಲ್ಲುಗಳಿದ್ದರೆ ಅನುಪಾತ 4.875. 8ಕ್ಕೂ 39ಕ್ಕೂ ಸಾಮಾನ್ಯ ಅಪವರ್ತನವಿಲ್ಲದ್ದರಿಂದ ಪ್ರತಿ ಹಲ್ಲೂ ಎದುರಿನ ಎಲ್ಲ ಹಲ್ಲುಗಳನ್ನೂ ಸರದಿಯಂತೆ ಸಂಧಿಸುತ್ತದೆ, ಸವೆತ ಸಮನಾಗಿ ಹಂಚಿಹೋಗುತ್ತದೆ. ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿ ಗುರುತು ನೋಡುತ್ತಾರೆ: ಗುರುತು ಹಲ್ಲಿನ ಬುಡಕ್ಕಿಳಿದಿದ್ದರೆ ಪಿನಿಯನ್ ತೀರಾ ಒಳಗೆ ಹೊಕ್ಕಿದೆ, ತುದಿಗೇರಿದ್ದರೆ ದೂರ ಸರಿದಿದೆ. ಶಿಮ್ ಎಂಬ ಕೂದಲೆಳೆಯಷ್ಟು ದಪ್ಪದ ಲೋಹದ ಬಿಲ್ಲೆ ಹಾಕಿ, ತೆಗೆದು, ಮತ್ತೆ ಬಣ್ಣ, ಮತ್ತೆ ತಿರುವು. ಹಲ್ಲುಗಳ ನಡುವಿನ ಸಡಿಲ ಮಿಲಿಮೀಟರಿನ ಒಂದೆರಡು ದಶಾಂಶ ಮೀರುವಂತಿಲ್ಲ. ಅದನ್ನು ಡಯಲ್ ಗೇಜಿನಲ್ಲಿ ಅಳೆಯಬೇಕೆಂದು ಪುಸ್ತಕ ಹೇಳುತ್ತದೆ. ಹಳೆಯ ಮೇಸ್ತ್ರಿ ಮೊದಲು ಬೆರಳಲ್ಲಿ ಅಲ್ಲಾಡಿಸಿ, ಆಮೇಲೆ ಗೇಜು ತರಿಸುತ್ತಾನೆ.

ಈ ಮೇಸ್ತ್ರಿಯನ್ನು ಯಾವ ‘ಶ್ರಮಸಂಸ್ಕೃತಿ’ ಗೋಷ್ಠಿಗೂ ಕರೆದದ್ದಿಲ್ಲ. ಬೆವರಿನ ಸೌಂದರ್ಯಶಾಸ್ತ್ರದ ಮೇಲೆ ನಲವತ್ತು ಪುಟ ಓದುವ ವಿದ್ವಾಂಸರು ಬಂದ ಬಾಡಿಗೆ ಕಾರಿನ ಹಿಂದಿನ ಅಚ್ಚು ದಾರಿಯುದ್ದಕ್ಕೂ ಊಳಿಟ್ಟಿರುತ್ತದೆ. ಅದು ಅವರ ಕಿವಿಗೆ ಬಿದ್ದಿರುವುದಿಲ್ಲ. ‘ದೇಸಿ ಜ್ಞಾನಪರಂಪರೆ’ ಎಂದು ಗಂಟೆಗಟ್ಟಲೆ ಮಾತಾಡಿಯೂ, ಕಿವಿಯಿಂದಲೇ ಬೇರಿಂಗ್ ಗುರುತಿಸುವವನನ್ನು ‘ಏಯ್, ಬೇಗ ಮುಗಿಸಯ್ಯಾ’ ಎನ್ನುವುದಕ್ಕೆ ನಾಚಿಕೆಯೂ ಇಲ್ಲ.

ಅಂಬಾಸಿಡರ್ ತಯಾರಾಗುತ್ತಿದ್ದ ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆ 2014ರಲ್ಲಿ ನಿಂತಿತು. 2017ರಲ್ಲಿ ಆ ಹೆಸರನ್ನು ಪ್ಯೂಜೋ 80 ಕೋಟಿ ರೂಪಾಯಿಗೆ ಕೊಂಡಿತು. ಹೆಸರಿಗೆ ಅಷ್ಟು ಬೆಲೆ. ಉಳಿದ ಕಾರುಗಳು ಒಂದೊಂದಾಗಿ ಗುಜರಿ ಸೇರುತ್ತಿವೆ. ಕ್ರೌನ್-ಪಿನಿಯನ್ ಕಾರ್ಖಾನೆಯಲ್ಲೇ ಒಂದಕ್ಕೊಂದು ಉಜ್ಜಿ ಹೊಂದಿಸಿದ ಜೋಡಿ. ಒಂದರ ಕ್ರೌನಿಗೆ ಇನ್ನೊಂದರ ಪಿನಿಯನ್ ಕೂಡಿಸಿದರೆ ಯಾವ ಶಿಮ್ಮೂ ಆ ಊಳನ್ನು ಪೂರ್ತಿ ನಿಲ್ಲಿಸಲಾರದು. ಗುಜರಿಯಲ್ಲಿ ಅವು ಬೇರೆ ಬೇರೆ ರಾಶಿಗೆ ಬಿದ್ದು ತೂಕಕ್ಕೆ ಮಾರಾಟವಾಗುತ್ತವೆ. ಕಾರು ಒಡೆಯುವವರು ದಯವಿಟ್ಟು ಎರಡನ್ನೂ ಒಂದು ತಂತಿಯಲ್ಲಿ ಕಟ್ಟಿಡಲಿ.