ಹಸಿ ಫೈಲಿನ ಬಿಸಿ ಮಾತು

ಜಯನಗರದ ಒಂದು ಮನೆ. ಮೇಜಿನ ಮೇಲೆ ಲ್ಯಾಪ್‌ಟಾಪು, ಅದರೊಳಗೊಂದು ಫೋಲ್ಡರು, ಫೋಲ್ಡರಿನಲ್ಲಿ ಜನವರಿಯ ಬೆಳಗ್ಗೆ ತೆಗೆದ ಟಬೆಬುಯಾ ಮರದ ಚಿತ್ರ. ಹೆಸರು ಡಿಎಸ್‌ಸಿ 0412. ನಿಕಾನ್ ಮನೆತನ, ಎನ್‌ಇಎಫ್ ಗೋತ್ರ. ಅಂದರೆ ರಾ ಫೈಲು. ಯಜಮಾನರು ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಕ್ಯಾಮೆರಾ ಕೊಂಡವರು. ಚಿತ್ರ ತಿದ್ದಲು ಯಾವ ಸಾಫ್ಟ್‌ವೇರ್ ಒಳ್ಳೆಯದೆಂದು ಮೂರು ತಿಂಗಳಿಂದ ವಿಚಾರಿಸುತ್ತಲೇ ಇದ್ದಾರೆ. ಅವರು ವಾಕಿಂಗಿಗೆ ಹೋದ ಸಮಯ ನೋಡಿ ಮಾತಿಗೆ ಕೂತೆ.

ಹೇಗಿದ್ದೀರಿ?

ಮಂಕಾಗಿದೀನಿ ಸ್ವಾಮಿ. ಹುಟ್ಟಿದ್ದೇ ಹೀಗೆ. ಮೊನ್ನೆ ಯಜಮಾನರು ನನ್ನ ಮುಖ ನೋಡಿ, "ಫೋನಲ್ಲೇ ಇದಕ್ಕಿಂತ ಚೆನ್ನಾಗಿ ಬರತ್ತಲ್ಲ" ಅಂದ್ರು. ಫೋನು ಒಗ್ಗರಣೆ ಹಾಕಿ, ಎಲೆಗೆ ಬಡಿಸಿಯೇ ಕೊಡತ್ತೆ. ನಾನು ಗಾಂಧಿಬಜಾರಿಂದ ಬಂದ ಕೈಚೀಲ. ಸೊಪ್ಪು ಬಿಡಿಸೋರು ಬೇಕು.

ನಿಮ್ಮ ತಮ್ಮ ಜೆಪೆಗ್ ಚೆನ್ನಾಗಿಯೇ ಕಾಣ್ತಾನಲ್ಲ?

ಒಂದೇ ಕ್ಲಿಕ್ಕಿಗೆ ಹುಟ್ಟಿದ ಅವಳಿಜವಳಿ ನಾವು. ಅವನಿಗೆ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು. ನಾನು 14 ಬಿಟ್ಟಿನವನು, 16,384. ಬಿಸಿಲಿಗೆ ಹೂವು ಬಿಳಚಿಕೊಂಡಿದೆಯಲ್ಲ, ಅಲ್ಲಿನ ಎಸಳಿನ ಗೆರೆ ನನ್ನ ಹತ್ರ ಇನ್ನೂ ಒಂಚೂರು ಉಳಿದಿದೆ. ಅವನು ಅದನ್ನು ಕ್ಯಾಮೆರಾದಲ್ಲೇ ಬಿಸಾಕಿ ಬಂದ. ಆದರೂ ಮನೆಮಂದಿಗೆಲ್ಲ ಅವನೇ ಮುದ್ದು.

ಯಜಮಾನರಿಗೆ ಸಲಹೆ ಕೊಟ್ಟವರು ಯಾರು?

ಯಾರು ಕೊಟ್ಟಿಲ್ಲ ಕೇಳಿ! ಜೆ.ಪಿ. ನಗರದ ಮಗಳು, "ಅಪ್ಪ, ಲೈಟ್‌ರೂಮ್ ತಗೊಳ್ಳಿ, ತಿಂಗಳಿಗಿಷ್ಟು ಕಟ್ಟಿದ್ರಾಯ್ತು" ಅಂದಳು. ಜೀವಮಾನವಿಡೀ ಬೇರೆಯವರಿಂದ ಕಂತು ಕಟ್ಟಿಸಿಕೊಂಡವರಿಗೆ ಕಂತಿನ ಮಾತು! ಲೈಟ್‌ರೂಮ್ ಮಾಡೋ ಅಡೋಬಿಯವರು 2013ರಿಂದ ಫೋಟೊಶಾಪಿನ ಹೊಸ ಆವೃತ್ತಿಗಳನ್ನು ಬಾಡಿಗೆಗೆ ಮಾತ್ರ ಕೊಡೋದು. ಸ್ವಂತ ಮನೆ ಕಟ್ಟಿಸಿದವರು ಬಾಡಿಗೆಗೆ ಇರ್ತಾರೆಯೇ? ಹತ್ತು ತಿಂಗಳ ಅಡ್ವಾನ್ಸ್ ಕೇಳಲ್ಲ ಅನ್ನೋದೊಂದೇ ಸಮಾಧಾನ.

ಆಮೇಲೆ ಅಕ್ಕನ ಮೊಮ್ಮಗ, ಬಿಟಿಎಂನಲ್ಲಿ ಪಿಜಿಯಲ್ಲಿದ್ದಾನೆ, ಪೆನ್‌ಡ್ರೈವಲ್ಲಿ ಫೋಟೊಶಾಪನ್ನೇ ತಂದ. "ತಾತ, ಆಂಟಿವೈರಸ್ ಒಂದ್ನಿಮಿಷ ಆಫ್ ಮಾಡಿ" ಅಂದ. ಚಿಲಕ ತೆಗೆದಿಟ್ಟು ಕಳ್ಳನಿಗೆ ಅರಿಶಿನ ಕುಂಕುಮ ಕೊಟ್ಟ ಹಾಗೆ! ಯಜಮಾನರು ಕಾಫಿ ಕೊಟ್ಟು ಕಳಿಸಿದರು.

ಪುಕ್ಕಟೆಯವು ಇವೆಯಲ್ಲ?

ಬನಶಂಕರಿಯ ಸ್ನೇಹಿತರು ಗಿಂಪ್ ಹೇಳಿದರು. 1996ರಿಂದ ಕಾಸು ಕೇಳದೆ ದುಡೀತಿರೋ ಮನುಷ್ಯ, ಗೌರವವಿದೆ. ಆದರೆ ನನ್ನ ಭಾಷೆ ಅವನಿಗೆ ನೇರವಾಗಿ ಬರಲ್ಲ. ಡಾರ್ಕ್‌ಟೇಬಲ್ಲೋ ರಾಥೆರಪಿಯೋ ದುಭಾಷಿಯಾಗಿ ಕೂರಬೇಕು. ಅವೂ ಪುಕ್ಕಟೆಯೇ. ಡಾರ್ಕ್‌ಟೇಬಲ್ ತೆರೆದರೆ ವಿಮಾನ ಓಡಿಸೋರ ಮುಂದಿರತ್ತಲ್ಲ, ಅಷ್ಟು ಗುಂಡಿಗಳು. ಯಜಮಾನರು ಮೂರು ನಿಮಿಷ ಕೂತು, "ಪಿಕಾಸಾ ಎಷ್ಟು ಸುಲಭವಾಗಿತ್ತು" ಅಂತ ಎದ್ದರು. ಅದನ್ನು ಗೂಗಲ್ 2016ರಲ್ಲೇ ನಿಲ್ಲಿಸಿಬಿಡ್ತು.

ನಿಮ್ಮನ್ನು ಕೇಳಿದರೆ?

ಅಬ್ಬ, ಮೂರು ತಿಂಗಳಲ್ಲಿ ನನ್ನನ್ನು ಕೇಳಿದವರು ನೀವೇ ಮೊದಲು! ನಿಕಾನ್‌ನವರೇ ಎನ್‌ಎಕ್ಸ್ ಸ್ಟುಡಿಯೊ ಅಂತ ಪುಕ್ಕಟೆ ಕೊಡ್ತಾರೆ. ಕೆನಾನ್ ಮಕ್ಕಳಿಗೆ ಡಿಜಿಟಲ್ ಫೋಟೊ ಪ್ರೊಫೆಷನಲ್ ಇದೆ. ಓಟ ಸ್ವಲ್ಪ ನಿಧಾನ, ಒಪ್ಪಿದೆ. ಬೆಳಕು ಸರಿಮಾಡಿ, ವೈಟ್ ಬ್ಯಾಲೆನ್ಸ್ ನೋಡಿ, ವಾಲಿರೋ ಗೇಟು ನೆಟ್ಟಗೆ ನಿಲ್ಲಿಸಿ, ಅಂಚು ಕತ್ತರಿಸಿ. ಮೊದಲ ಆರು ತಿಂಗಳಿಗೆ ಸಾಕು. ನಿಕಾನ್‌ನವರು ಈ ಸಾಫ್ಟ್‌ವೇರ್ ವಿಷಯ ಕ್ಯಾಮೆರಾದ ಕೈಪಿಡಿಯಲ್ಲೇ ಹೇಳಿದ್ದಾರೆ. ಕೈಪಿಡಿ ಪೆಟ್ಟಿಗೆಯಲ್ಲಿದೆ. ಪೆಟ್ಟಿಗೆ ಅಟ್ಟದ ಮೇಲಿದೆ.

ನಿಮ್ಮ ಮೈಮೇಲಿನ ತಂತಿಗಳು?

ಏಳಿವೆ. ಕೇಬಲ್ಲು, ಇಂಟರ್ನೆಟ್ಟು, ಎರಡಂತೂ ಯಾರದೋ ಗೊತ್ತಿಲ್ಲ. ಗಿಂಪ್ ಅಳಿಸಿಕೊಡ್ತಾನೆ. ನಾನು ಬೇಡ ಅಂತೀನಿ. ತಂತಿಯಿಲ್ಲದ ಜಯನಗರ ತೋರಿಸಿದರೆ ಪಕ್ಕದ ಮನೆಯವರೇ ನಂಬಲ್ಲ.

ಬೇರೇನಾದರೂ ಬೇಡಿಕೆ?

0398ರಿಂದ 0431ರವರೆಗೆ ನಾವು 34 ಜನ, ಎಲ್ಲರೂ ಇದೇ ಮರ. ಮೂಡಿಗೆರೆಯಲ್ಲಿ ಹಕ್ಕಿಗೆ ಕಾದು ಕೂತ ತೇಜಸ್ವಿಯವರ ಕಾಲದಲ್ಲಿ ಒಂದು ಫಿಲ್ಮ್ ರೋಲಿಗೇ 36 ಚಿತ್ರ! ಸಾಫ್ಟ್‌ವೇರ್ ಆರಿಸೋಕೆ ಮುಂಚೆ ನಮ್ಮಲ್ಲಿ ಇಬ್ಬರನ್ನು ಆರಿಸಿ, ಉಳಿದವರನ್ನು ಬಿಟ್ಟುಬಿಡಿ. ಅದಕ್ಕೆ ಡಿಲೀಟ್ ಗುಂಡಿ ಸಾಕು.

ಕೊನೆಗೆ ಎಲ್ಲಿಗೆ ಪ್ರಯಾಣ?

ವಾಟ್ಸಾಪ್ ಗುಂಪಿಗೆ. ಸುಮಾರು 25 ಎಂಬಿ ತೂಕದವನು, ತಲುಪೋ ಹೊತ್ತಿಗೆ ಕೆಲವು ನೂರು ಕೆಬಿ. ಮೇಲೆ ಹಳದಿ ಅಕ್ಷರದಲ್ಲಿ "ಶುಭೋದಯ". 16,384 ಮೆಟ್ಟಿಲು ಹತ್ತಿಸಿ ಮೇಲಿಂದ ತಳ್ಳಿದ ಹಾಗೆ.

ಗೇಟಿನ ಸದ್ದಾಯಿತು. ಯಜಮಾನರು ಪಾರ್ಕಿನಿಂದ ಹೊಸ ಹೆಸರು ತಂದಿದ್ದರು: ಕ್ಯಾಪ್ಚರ್ ಒನ್. ಡೌನ್‌ಲೋಡಿಗೆ ಒತ್ತಿದರು. ಡಿಸ್ಕಿನಲ್ಲಿ ಜಾಗವಿಲ್ಲವೆಂದು ಲ್ಯಾಪ್‌ಟಾಪು ಹೇಳಿತು. ಅವರು ಕನ್ನಡಕ ಏರಿಸಿಕೊಂಡು, ಅಳಿಸಲು ದೊಡ್ಡ ಫೈಲುಗಳು ಯಾವುವೆಂದು ಹುಡುಕತೊಡಗಿದರು.