ಗ್ರಾಫ್ ರಾಯರು

ಇವರ ನಿಜವಾದ ಹೆಸರು ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಪೇಪರ್ ಹಾಕುವ ಹುಡುಗನಿಂದ ಹಿಡಿದು ಗೇಟಿನ ವಾಚ್‌ಮನ್ ತನಕ ಎಲ್ಲರಿಗೂ ಅವರು ಗ್ರಾಫ್ ರಾಯರು. ಬ್ಯಾಂಕಿನಲ್ಲಿ ಮೂವತ್ತು ಚಿಲ್ಲರೆ ವರ್ಷದ ಸರ್ವೀಸು. ಕೊನೆಯ ಕೆಲವು ವರ್ಷ ವಲಯ ಕಚೇರಿಯಲ್ಲಿ ಕೂತು, ಮೇಲಿನವರು ಬಂದಾಗಲೆಲ್ಲ ಠೇವಣಿ ಏರಿದ್ದನ್ನೂ ಸಾಲ ಮುಳುಗಿದ್ದನ್ನೂ ಒಂದೇ ಉತ್ಸಾಹದಿಂದ ಬಣ್ಣಬಣ್ಣದ ಸ್ಲೈಡಿನಲ್ಲಿ ತೋರಿಸುವ ವಿದ್ಯೆ ಕಲಿತರು. ನಿವೃತ್ತಿಯ ದಿನ ಹಾರ ಬಂತು, ಶಾಲು ಬಂತು, ಗ್ರಾಚ್ಯುಟಿ ಬಂತು, ಆ ವಿದ್ಯೆಯೂ ಜೊತೆಗೇ ಮನೆಗೆ ಬಂತು. ಅದನ್ನು ಎಲ್ಲಾದರೂ ಖರ್ಚು ಮಾಡಬೇಕಲ್ಲ? ನಿವಾಸಿಗಳ ಸಂಘದಲ್ಲಿ ಕಾರ್ಯದರ್ಶಿಯ ಜಾಗ ಖಾಲಿ ಇತ್ತು. ಆ ಜಾಗ ಎಲ್ಲ ಸಂಘಗಳಲ್ಲೂ ಸದಾ ಖಾಲಿಯೇ ಇರುತ್ತದೆ.

ಅವರಿಗಿಂತ ಮುಂಚೆ ಕಾರ್ಯದರ್ಶಿಯಾಗಿದ್ದವರು ವಾರ್ಷಿಕ ಮಹಾಸಭೆಯಲ್ಲಿ ಉದ್ದನೆಯ ಲೆಕ್ಕದ ಪುಸ್ತಕ ತೆರೆದು ಓದುತ್ತಿದ್ದರು. ಸೆಕ್ಯುರಿಟಿಗೆ ಇಷ್ಟು, ಟ್ಯಾಂಕರ್ ನೀರಿಗೆ ಇಷ್ಟು, ಲಿಫ್ಟ್ ರಿಪೇರಿಗೆ ಇಷ್ಟು, ಜನರೇಟರ್ ಡೀಸೆಲ್ಲಿಗೆ ಇಷ್ಟು, ಬ್ಯಾಂಕಿನಲ್ಲಿ ಉಳಿದದ್ದು ಇಷ್ಟು. ಐದು ನಿಮಿಷಕ್ಕೆ ಓದು ಮುಗಿಯುತ್ತಿತ್ತು, ಆಮೇಲೆ ಮುಕ್ಕಾಲು ಗಂಟೆ ಜಗಳ. ‘ಡೀಸೆಲ್ಲಿಗೆ ಅಷ್ಟು ಹೇಗಾಯ್ತು ಸ್ವಾಮಿ? ಈ ವರ್ಷ ಕರೆಂಟು ಹೋಗಿದ್ದೇ ಕಡಿಮೆಯಲ್ಲ!’ ಎಂದು ಎರಡನೇ ಮಹಡಿಯವರು ಏಳುತ್ತಿದ್ದರು. ನಾಲ್ಕನೇ ಮಹಡಿಯವರು ಅವರ ಬಾಯಿ ಮುಚ್ಚಿಸಲು ಏಳುತ್ತಿದ್ದರು. ಕೊನೆಗೆ ಬೋಂಡ, ಕಾಫಿ.

ರಾಯರು ಬಂದರು, ಜಗಳ ನಿಂತಿತು. ಪ್ರೊಜೆಕ್ಟರ್ ಬಾಡಿಗೆಗೆ ಬಂತು. ಗೋಡೆಗೆ ಬಿಳಿ ಪಂಚೆ ಕಟ್ಟಿದರು. ಮೊದಲ ಸ್ಲೈಡಿನಲ್ಲಿ ಗಣಪತಿ ಗಿರಗಿರನೆ ತಿರುಗುತ್ತ ಬಂದು ನಿಂತ; ಮುಂದಿನವು ಒಂದೊಂದೂ ಒಂದೊಂದು ದಿಕ್ಕಿನಿಂದ ಹಾರಿ ಬಂದವು. ಅಂಕಿ ಓದಿ ಹೇಳಿದರೆ ನಮ್ಮ ಜನ ‘ಅದು ಹ್ಯಾಗೆ?’ ಎನ್ನುತ್ತಾರೆ. ಅದೇ ಅಂಕಿಯನ್ನು ಹಸಿರು ಕಂಬ ಮಾಡಿ ನಿಲ್ಲಿಸಿದರೆ ‘ಓಹೋ’ ಎನ್ನುತ್ತಾರೆ. ‘ಹ್ಯಾಗೆ’ ಎನ್ನುವವರನ್ನು ‘ಓಹೋ’ ಎನ್ನಿಸುವುದೇ ರಾಯರ ಕಸುಬು.

ಅವರ ಮೆಚ್ಚಿನ ಆಯುಧ ಪೈ ಚಾರ್ಟ್. ಅದೂ ಮಟ್ಟಸವಾಗಿ ಕೂರುವ ಪಾಪದ ಚಾರ್ಟಲ್ಲ. ಹಿಂದಕ್ಕೆ ವಾಲಿದ, ದಪ್ಪ ಅಂಚಿನ, ನೆರಳು ಬಿದ್ದ ತ್ರೀಡಿ ಪೈ. ಹೀಗೆ ವಾಲಿಸಿದಾಗ ಮುಂದಿರುವ ತುಂಡು ಇರುವುದಕ್ಕಿಂತ ದೊಡ್ಡದಾಗಿಯೂ ಹಿಂದಿರುವ ತುಂಡು ಚಿಕ್ಕದಾಗಿಯೂ ಕಾಣುತ್ತದೆ. ರಾಯರಿಗೆ ಇದು ಚೆನ್ನಾಗಿ ಗೊತ್ತು. ಸೆಕ್ಯುರಿಟಿಯ ತುಂಡು ಯಾವಾಗಲೂ ಮುಂದೆ, ‘ಇತರೆ’ ಎಂಬ ತುಂಡು ಯಾವಾಗಲೂ ಬೆಟ್ಟದ ಆಚೆ. ಮನುಷ್ಯನ ಕಣ್ಣು ಉದ್ದವನ್ನು ಅಳೆದಷ್ಟು ಚೆನ್ನಾಗಿ ಕೋನವನ್ನು ಅಳೆಯುವುದಿಲ್ಲ ಎಂದು ಕ್ಲೀವ್‌ಲೆಂಡ್ ಮತ್ತು ಮೆಕ್‌ಗಿಲ್ ಎಂಬ ಇಬ್ಬರು 1984ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಜಗತ್ತಿನ ಸಂಖ್ಯಾಶಾಸ್ತ್ರಜ್ಞರು ಪೈ ಚಾರ್ಟ್ ಕಂಡರೆ ಮೂಗು ಮುರಿಯುವುದು ಇದಕ್ಕೇ. ರಾಯರು ಅದನ್ನು ಅಪ್ಪಿಕೊಂಡದ್ದೂ ಇದಕ್ಕೇ.

ಇನ್ನು ಕಂಬಗಳು. ಹೋದ ವರ್ಷ ಬಾಕಿ ವಸೂಲಿ ನೂರಕ್ಕೆ 94, ಈ ವರ್ಷ 96 ಎಂದಿಟ್ಟುಕೊಳ್ಳಿ. ಬಾಯಲ್ಲಿ ಹೇಳಿದರೆ ‘ಪರವಾಗಿಲ್ಲ’ ಎನ್ನಬಹುದಾದ ಸಾಧನೆ. ರಾಯರು ಕಂಬದ ಬುಡವನ್ನು ಸೊನ್ನೆಯಲ್ಲಿ ಊರುವುದಿಲ್ಲ, 93ರಲ್ಲಿ ಊರುತ್ತಾರೆ. ಆಗ ಹೋದ ವರ್ಷದ ಕಂಬ ಒಂದು ಗೇಣಾದರೆ ಈ ವರ್ಷದ್ದು ಮೂರು ಗೇಣು. ಸಭೆಯಲ್ಲಿ ಚಪ್ಪಾಳೆ. ಅದೇ ಸಭೆಯ ಇನ್ನೊಂದು ಸ್ಲೈಡಿನಲ್ಲಿ ತಿಂಗಳ ಮೇಂಟೆನೆನ್ಸ್ 2,500ರಿಂದ 2,900ಕ್ಕೆ ಏರಬೇಕಾದ ವಿಷಯ. ಈಗ ಸೊನ್ನೆಯಿಂದಲೇ ಶುರು, ಅಷ್ಟೇ ಅಲ್ಲ, ತುದಿಯನ್ನು 20,000ದ ತನಕ ಎಳೆದಿರುತ್ತಾರೆ. ಅಷ್ಟು ದೊಡ್ಡ ಬಯಲಿನಲ್ಲಿ ನಾನೂರು ರೂಪಾಯಿ ಯಾವ ಮೂಲೆಗೆ? ಗೆರೆ ಕಂಬಳಿ ಹೊದ್ದು ಮಲಗಿರುತ್ತದೆ. ‘ನೀವೇ ನೋಡಿ, ಏರಿಕೆ ಕಾಣುತ್ತಾ?’ ಎಂದು ಲೇಸರ್ ಚುಕ್ಕೆಯನ್ನು ಅದರ ಮೇಲೆ ಆಡಿಸುತ್ತಾರೆ. ಕಾಣುವುದಿಲ್ಲ, ನಿಜ.

ಯಾರಾದರೂ ಕೆಣಕಿದರೆ ರಾಯರು ಪ್ಲೇಫೇರ್‌ನನ್ನು ಕರೆತರುತ್ತಾರೆ. ವಿಲಿಯಂ ಪ್ಲೇಫೇರ್ ಸ್ಕಾಟ್ಲೆಂಡಿನವನು, ಉಗಿಯಂತ್ರದ ಜೇಮ್ಸ್ ವಾಟ್ ಹತ್ತಿರ ನಕ್ಷೆ ಬರೆಯುವ ಕೆಲಸಕ್ಕಿದ್ದವನು. 1786ರಲ್ಲಿ ಇಂಗ್ಲೆಂಡಿನ ಆಮದು ರಫ್ತನ್ನು ಗೆರೆಗಳಲ್ಲಿ ತೋರಿಸುವ ಪುಸ್ತಕ ತಂದ; 1801ರಲ್ಲಿ ಪೈ ಚಾರ್ಟನ್ನೂ ಹುಟ್ಟುಹಾಕಿದ. ತುರ್ಕಿ ಸಾಮ್ರಾಜ್ಯ ಯಾವ ಖಂಡದಲ್ಲಿ ಎಷ್ಟಿದೆ ಎಂದು ತೋರಿಸಲು ಒಂದು ವೃತ್ತವನ್ನು ಹೋಳು ಮಾಡಿದ. ‘ಅಂಥ ಪರಂಪರೆ ಸ್ವಾಮಿ ನಮ್ಮದು’ ಎನ್ನುತ್ತಾರೆ ರಾಯರು. ಅವರು ಬಿಟ್ಟುಬಿಡುವ ಸಂಗತಿ ಇನ್ನೂ ಸ್ವಾರಸ್ಯವಾಗಿದೆ. ಬಾರ್ ಚಾರ್ಟ್ ಹುಟ್ಟಿದ್ದೇ ಮಾಹಿತಿ ಸಾಲದೆ. ಸ್ಕಾಟ್ಲೆಂಡಿನ ವ್ಯಾಪಾರಕ್ಕೆ ಸಂಬಂಧಿಸಿ ಪ್ಲೇಫೇರ್ ಕೈಯಲ್ಲಿ ಒಂದೇ ವರ್ಷದ ಲೆಕ್ಕ ಇತ್ತು, ಗೆರೆ ಎಳೆಯಲು ಎರಡನೇ ಚುಕ್ಕೆ ಇರಲಿಲ್ಲ. ಬೇರೆ ದಾರಿ ಕಾಣದೆ ಕಂಬ ನಿಲ್ಲಿಸಿದ, ಇದು ಉಳಿದ ನಕ್ಷೆಗಳಷ್ಟು ಉಪಯೋಗದ್ದಲ್ಲ ಎಂದು ತಾನೇ ಒಪ್ಪಿಕೊಂಡ. ಮುಂದೆ ಪ್ಯಾರಿಸ್ಸಿನಲ್ಲಿ ಕೂತು ಅಮೆರಿಕದ ಜಮೀನು ಮಾರಲು ಹೋಗಿ ಹಗರಣಕ್ಕೂ ಸಿಕ್ಕಿಬಿದ್ದ. ಸೈಟು ಮಾರುವವರ ಬಣ್ಣದ ಚಾರ್ಟುಗಳಿಗೆ ಮೂಲಪುರುಷ ಯಾರು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಂತಾಯಿತು.

ರಾಯರ ಕಪಾಟಿನಲ್ಲಿ ಡ್ಯಾರೆಲ್ ಹಫ್ ಬರೆದ ‘ಹೌ ಟು ಲೈ ವಿತ್ ಸ್ಟಾಟಿಸ್ಟಿಕ್ಸ್’ ಕೂಡ ಇದೆ. 1954ರ ಪುಸ್ತಕ. ಅಂಕಿಅಂಶ ಹಿಡಿದು ನಮ್ಮನ್ನು ಹೇಗೆಲ್ಲ ಏಮಾರಿಸುತ್ತಾರೆ, ಹುಷಾರಾಗಿರಿ ಎಂದು ಹಫ್ ಬರೆದದ್ದು. ರಾಯರು ಅದನ್ನು ಅಡುಗೆ ಪುಸ್ತಕದ ಹಾಗೆ ಓದಿದ್ದಾರೆ. ಬೀದಿನಾಯಿಗಳ ಸ್ಲೈಡೇ ಸಾಕ್ಷಿ. ನಮ್ಮ ಬೀದಿಯಲ್ಲಿ ಹನ್ನೆರಡು ನಾಯಿ ಇದ್ದವು, ಇಪ್ಪತ್ತನಾಲ್ಕಾದವು. ಕಂಬ ಹಾಕಿದ್ದರೆ ಮುಗಿಯುತ್ತಿತ್ತು. ರಾಯರು ನಾಯಿಯ ಚಿತ್ರವನ್ನೇ ಹಾಕಿದರು. ಎತ್ತರ ಎರಡರಷ್ಟು ಮಾಡಿದಾಗ ಅಗಲವೂ ತಾನಾಗಿ ಎರಡರಷ್ಟಾಯಿತು, ಪರದೆಯ ಮೇಲೆ ನಾಯಿ ನಾಲ್ಕರಷ್ಟು ಜಾಗ ಹಿಡಿಯಿತು. ಮೊದಲನೆಯದು ನಾಯಿಯಂತಿತ್ತು. ಎರಡನೆಯದು ಕರುವಿನಷ್ಟಿತ್ತು. ಮಕ್ಕಳು ಎರಡು ದಿನ ಗೇಟಿನಾಚೆ ಕಾಲಿಡಲಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಒಂದು ಸಲ ಈ ಗ್ರಾಫೇ ನಮ್ಮನ್ನು ಕಾಪಾಡಿದೆ. ಟ್ಯಾಂಕರ್ ಎಷ್ಟು ತರಿಸಿದರೂ ಸಂಪಿನಲ್ಲಿ ನೀರು ನಿಲ್ಲುತ್ತಿರಲಿಲ್ಲ. ನಾವೆಲ್ಲ ಒಬ್ಬರ ಮೇಲೊಬ್ಬರು ಹೇಳಿಕೊಂಡು ತಿರುಗುತ್ತಿದ್ದೆವು, ಒಂದನೇ ಮಹಡಿಯವರ ತೋಟ ಅಂತ, ಮೂರನೆಯವರ ಕಾರು ತೊಳೆಯೋದು ಅಂತ. ರಾಯರು ವಾಚ್‌ಮನ್ ಕೈಗೆ ಕೋಲು ಕೊಟ್ಟು ಗಂಟೆಗೊಮ್ಮೆ ಸಂಪಿನ ಮಟ್ಟ ಅಳೆದು ಬರೆಸಿದರು. ಒಂದು ವಾರದ ಲೆಕ್ಕವನ್ನು ಗ್ರಾಫ್ ಹಾಳೆಯ ಮೇಲೆ ಪೆನ್ಸಿಲ್ಲಿನಿಂದ ಗುರುತು ಹಾಕಿದರು, ಬಣ್ಣವಿಲ್ಲ, ನೆರಳಿಲ್ಲ. ರಾತ್ರಿ ಒಂದರಿಂದ ನಾಲ್ಕರ ತನಕ ಎಲ್ಲರೂ ಮಲಗಿರುವ ಹೊತ್ತು, ಗೆರೆ ಮಟ್ಟವಾಗಿರಬೇಕಿತ್ತು. ಅಲ್ಲೂ ಒಂದೇ ಸಮನೆ ಇಳಿಯುತ್ತಿತ್ತು. ಹಾಗಾದರೆ ತಪ್ಪು ಮಹಡಿಯವರದಲ್ಲ, ನೆಲದ ಕೆಳಗಿನದು. ಪ್ಲಂಬರ್ ಅಗೆದ, ಒಡೆದ ಪೈಪ್ ಸಿಕ್ಕಿತು. ಅಂಕಿಗಳ ಪಟ್ಟಿ ನೋಡುತ್ತ ಕೂತಿದ್ದರೆ ನಮಗದು ಹೊಳೆಯುತ್ತಲೇ ಇರಲಿಲ್ಲ. ಆದರೆ ಆ ತಿಂಗಳು ಪೂರ್ತಿ ರಾಯರನ್ನು ಸಹಿಸುವುದು ಕಷ್ಟವಾಯಿತು. 1854ರಲ್ಲಿ ಲಂಡನ್ನಿನಲ್ಲಿ ಕಾಲರಾ ಬಂದಾಗ ಡಾಕ್ಟರ್ ಜಾನ್ ಸ್ನೋ ಸತ್ತವರ ಮನೆಗಳನ್ನು ನಕ್ಷೆಯಲ್ಲಿ ಗುರುತಿಸಿ, ಹೆಚ್ಚಿನವು ಬ್ರಾಡ್ ಸ್ಟ್ರೀಟಿನ ಒಂದೇ ನೀರಿನ ಪಂಪಿನ ಸುತ್ತ ಇವೆ ಎಂದು ತೋರಿಸಿದನಲ್ಲ, ಆ ಕಥೆಯನ್ನು ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ನೆಲ ಅಂತಸ್ತಿನಿಂದ ಐದನೆಯದರ ತನಕ ಹೇಳಿದರು. ನಾಲ್ಕನೆಯದರಲ್ಲಿ ಇಳಿಯಬೇಕಾದವರೂ ಪಂಪಿನ ಹಿಡಿ ಬಿಚ್ಚಿಸಿದ್ದನ್ನು ಕೇಳಿಯೇ ಇಳಿಯಬೇಕಿತ್ತು.

ಮನೆಯಲ್ಲಿ ಮಾತ್ರ ಈ ವಿದ್ಯೆ ರಾಯರಿಗೇ ತಿರುಗಿಬಿತ್ತು. ಅವರಿಗೆ ಸಕ್ಕರೆ ಕಾಯಿಲೆ. ದಿನವೂ ಬೆಳಗ್ಗೆ ಬೆರಳು ಚುಚ್ಚಿ, ಬಂದ ಅಂಕಿಯನ್ನು ಕಂಪ್ಯೂಟರಿಗೆ ಹಾಕಿ, ವರ್ಷದ ಗೆರೆಯನ್ನು ಪ್ರಿಂಟ್ ತೆಗೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದರು. ಒಂದು ದಿನ ರಾಯರ ಮನೆಯವರು ಹಾಲು ತೆಗೆಯಲು ಹೋದವರು ಅಲ್ಲೇ ನಿಂತರು.

‘ಏನ್ರೀ, ಇದು ಯುಗಾದಿ ಒಬ್ಬಟ್ಟು, ಅಲ್ವಾ?’

‘ಹೂಂ.’

‘ಇದು ವರಮಹಾಲಕ್ಷ್ಮಿ. ಇದು ಗಣೇಶನ ಕಡುಬು. ದೀಪಾವಳಿ ಇಲ್ಲಿದೆ. ಎಲ್ಲ ಸರಿ. ಮಧ್ಯದಲ್ಲಿ ಇಷ್ಟೆತ್ತರ ಒಂದು ಗೋಪುರ ಎದ್ದಿದೆಯಲ್ಲ, ಇದು ಆಷಾಢ. ನಡು ಆಷಾಢದಲ್ಲಿ ಎಂಥ ಹಬ್ಬ ರೀ?’

ರಾಯರು ಪೇಪರಿನಿಂದ ಮುಖ ಎತ್ತಲಿಲ್ಲ. ‘ಅದು ಔಟ್‌ಲೈಯರ್ ಕಣೇ.’

‘ಅದು ಯಾವ ರಸ್ತೆಯ ಸ್ವೀಟ್ ಅಂಗಡಿ?’

ಮಾರನೆಯ ದಿನ ಫ್ರಿಜ್ಜಿನ ಮೇಲೆ ಹೊಸ ಪ್ರಿಂಟ್ ಬಂತು. ಅಳತೆ ಸೊನ್ನೆಯಿಂದ ಸಾವಿರಕ್ಕೆ ಹೋಗಿತ್ತು. ಹಬ್ಬಗಳೆಲ್ಲ ನೆಲಸಮವಾಗಿದ್ದವು. ಅದನ್ನೇ ಡಾಕ್ಟರಿಗೂ ತೋರಿಸಿ ‘ಸ್ಥಿರವಾಗಿದೆ ಸಾರ್’ ಎಂದರಂತೆ. ಡಾಕ್ಟರು ಹಾಳೆಯನ್ನು ಮಗುಚಿ, ಅದರ ಖಾಲಿ ಬೆನ್ನಿನ ಮೇಲೆ ಮೂರು ತಿಂಗಳ ಸರಾಸರಿ ಹೇಳುವ ರಕ್ತಪರೀಕ್ಷೆಯ ಹೆಸರು ಬರೆದುಕೊಟ್ಟರಂತೆ.

ವಾಟ್ಸಾಪ್ ಗ್ರೂಪಿನ ವಿಷಯ ಹೆಚ್ಚು ಹೇಳುವುದಿಲ್ಲ, ನಿಮಗೂ ಅನುಭವ ಇರುತ್ತದೆ. ಜೂನ್ 29 ಸಂಖ್ಯಾಶಾಸ್ತ್ರಜ್ಞ ಪ್ರಶಾಂತಚಂದ್ರ ಮಹಾಲನೋಬಿಸ್ ಹುಟ್ಟಿದ ದಿನ, ದೇಶದ ಸಾಂಖ್ಯಿಕ ದಿನ. ಅವತ್ತು ರಾಯರು ಬೆಳಗ್ಗೆ ಐದೂವರೆಗೇ ಕಪ್ಪು ಬಿಳುಪಿನ ಒಂದು ಫೋಟೋ ಹಾಕಿ ಕೆಳಗೆ ನಮಸ್ಕಾರದ ಗುರುತು ಹಾಕಿದರು. ಏಳು ಗಂಟೆಯೊಳಗೆ ಎಂಟು ಜನ ‘ಓಂ ಶಾಂತಿ’ ಎಂದಿದ್ದರು. ಒಬ್ಬರು ‘ಯಾವ ಫ್ಲಾಟ್?’ ಎಂದು ಕೇಳಿದ್ದರು.

ಈ ವರ್ಷದ ಮಹಾಸಭೆಯಲ್ಲಿ ಸಣ್ಣದೊಂದು ಘಟನೆ ನಡೆಯಿತು. 302ಕ್ಕೆ ಹೊಸದಾಗಿ ಬಂದವರು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದ ಟೀಚರಮ್ಮ. ಎಸ್ಸೆಸ್ಸೆಲ್ಸಿ ಮಕ್ಕಳ ಓಜೀವ್ ನಕ್ಷೆಗಳನ್ನು ಕಟ್ಟುಗಟ್ಟಲೆ ತಿದ್ದಿದ ಕಣ್ಣು. ರಾಯರ ಮೂರು ಗೇಣಿನ ಕಂಬಕ್ಕೆ ಚಪ್ಪಾಳೆ ಮುಗಿದ ಮೇಲೆ ಕೂತಲ್ಲಿಂದಲೇ ಹೇಳಿದರು: ‘ರಾಯರೇ, ಮೂಲೆಯಲ್ಲಿ ಸ್ಕೇಲ್ ಬರೆದಿಲ್ಲ. ಸೊನ್ನೆ ಬಿಟ್ಟು ಶುರು ಮಾಡಿದರೆ ಬುಡದಲ್ಲಿ ಒಂದು ಅಂಕುಡೊಂಕು ಗೆರೆ ಹಾಕಬೇಕು, ಅದೂ ಇಲ್ಲ. ನನ್ನ ಕೈಗೆ ಪೇಪರ್ ಬಂದಿದ್ದರೆ ಒಂದು ಅಂಕ ಹೋಯಿತು. ಆಮೇಲೆ ಆ ಪೈ ಚಾರ್ಟು. 34, 27, 11, 9, 22. ಕೂಡಿದರೆ 103 ಬರುತ್ತೆ.’

‘ರೌಂಡಿಂಗ್ ಆಫ್ ಮೇಡಂ’ ಎಂದರು ರಾಯರು.

‘ಐದು ತುಂಡು. ಒಂದೊಂದರಲ್ಲಿ ಅರ್ಧ ಹೆಚ್ಚಿದರೂ ಎರಡೂವರೆ. ಮೂರು ಹೇಗೆ ಬರುತ್ತೆ?’

ಸಭೆ ಬಹಳ ವರ್ಷದ ಮೇಲೆ ನಿಶ್ಶಬ್ದವಾಯಿತು. ಎರಡನೇ ಮಹಡಿಯವರು ನೆಟ್ಟಗೆ ಕೂತರು. ಅವರ ಬಾಯಲ್ಲಿ ‘ಹ್ಯಾಗೆ?’ ಬರುವುದರಲ್ಲಿತ್ತು. ರಾಯರೇನು ಸಾಮಾನ್ಯರೇ? ‘ಇಂಥವರೇ ಬೇಕು ಸಂಘಕ್ಕೆ! ಮೇಡಂ ಅವರನ್ನು ಲೆಕ್ಕಪತ್ರ ಉಪಸಮಿತಿಗೆ ಸೂಚಿಸುತ್ತೇನೆ’ ಎಂದು ಜೋರಾಗಿ ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ಅಷ್ಟರಲ್ಲಿ ಬೋಂಡ ಬಂತು, ಚಟ್ನಿಯೂ ಬಂತು, ‘ಇತರೆ’ ಎಂಬುದು ಬೆಟ್ಟದಾಚೆಯೇ ಉಳಿಯಿತು. ಟೀಚರಮ್ಮ ಮಾತ್ರ ಬೋಂಡ ತಿನ್ನುತ್ತಲೇ ಖರ್ಚಿನ ವೋಚರುಗಳ ಫೈಲು ಕೇಳಿ ಇಸಿದುಕೊಂಡು ಹೋಗಿದ್ದಾರೆ. ಅದನ್ನು ಓದಿ ಮುಗಿಸಿದ್ದಾರೋ ಇಲ್ಲವೋ, ರಾಯರು ದಿನಕ್ಕೆರಡು ಸಲ ಅವರ ಬಾಗಿಲ ಮುಂದೆ ವಾಕಿಂಗ್ ಮಾಡುತ್ತಿದ್ದಾರೆ.

ಮುಂದಿನ ಅವಧಿಗೆ ಕಾರ್ಯದರ್ಶಿಯ ಹೆಸರು ಸೂಚಿಸಿ ಎಂದಾಗ ಸಭೆಯೆಲ್ಲ ತಲೆ ತಗ್ಗಿಸಿ ಫೋನ್ ನೋಡಿತು. ರಾಯರು ಅವಿರೋಧವಾಗಿ ಆಯ್ಕೆಯಾದರು. ಮುಂದಿನ ತಿಂಗಳಿಂದ ಮೇಂಟೆನೆನ್ಸ್ 2,900. ಐದನೇ ತಾರೀಖಿನೊಳಗೆ ಕಟ್ಟಿಬಿಡಿ. ಬಾಕಿ ಇಟ್ಟುಕೊಂಡವರ ಫ್ಲಾಟ್ ನಂಬರನ್ನು ಕೆಂಪು ಕಂಬ ಮಾಡಿ ಲಿಫ್ಟಿನಲ್ಲಿ ಅಂಟಿಸುತ್ತಾರಂತೆ. ಆ ಕಂಬ ಸೊನ್ನೆಯಿಂದ ಶುರುವಾಗುವುದಿಲ್ಲ.