ಬಚ್ಚಲ ಮೀಮಾಂಸಾ: ಕೂಸಿನ ಅಧಿಕರಣ

ಶಾಸ್ತ್ರಗ್ರಂಥಕ್ಕೆ ನಾಲ್ಕು ಅನುಬಂಧ ಬೇಕೆಂಬುದು ಹಿರಿಯರ ಕಟ್ಟಳೆ: ವಿಷಯ, ಅಧಿಕಾರಿ, ಸಂಬಂಧ, ಪ್ರಯೋಜನ. ಈ ಗ್ರಂಥದ ವಿಷಯ ಬಚ್ಚಲಮನಿ. ಅಧಿಕಾರಿ ಎರಡು ವರ್ಷದ ಕೂಸು. ಸಂಬಂಧ, ಸಾಬೂನು ಕಂಡೊಡನೆ ಅಧಿಕಾರಿ ಬತ್ತಲೆ ಓಡುವುದು. ಪ್ರಯೋಜನ, ಓಡಿದ್ದು ಜಾರಿ ಬೀಳದಿರುವುದು. ಅಧಿಕಾರಿಗೆ ಓದು ಬಾರದ್ದರಿಂದ ಭಾಷ್ಯವನ್ನು ಅಪ್ಪ ಅವ್ವಂದಿರಿಗೆ ಬರೆಯಬೇಕಾಯಿತು. ಅವರಾದರೋ ಮನೆ ಕಟ್ಟಿಸುವಾಗ ಟೈಲ್ಸ್ ಅಂಗಡಿಯ ಕ್ಯಾಟಲಾಗು ಬಿಟ್ಟು ಬೇರೇನೂ ಓದುವುದಿಲ್ಲ.

ಈ ಶಾಸ್ತ್ರ ವಿಜಯಪುರ ಸೀಮೆಯ ಹಲಸಂಗಿಯಿಂದ ಹೊರಡುವುದೇ ನ್ಯಾಯ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದ ಹಲಸಂಗಿ ಗೆಳೆಯರು ಹೆಣ್ಣುಮಕ್ಕಳ ಬಾಯಲ್ಲಿದ್ದ ತ್ರಿಪದಿಗಳನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ತಂದರು. ಅಂದಿನಿಂದ ಬೀಸುಕಲ್ಲಿಗೂ ತೊಟ್ಟಿಲಿಗೂ ವಿದ್ವಾಂಸರ ಸಭೆಯಲ್ಲಿ ಮಣೆ ಸಿಕ್ಕಿದೆ. ಅದೇ ಗರತಿ ಅದೇ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎರೆದ ಬಚ್ಚಲಗಲ್ಲಿಗೆ ಆ ಮಾನ ದೊರಕಲಿಲ್ಲ. ಬೀಸುವಾಗ ಹಾಡಬಹುದು, ಕಣ್ಣಿಗೆ ಸೀಗೇಕಾಯಿ ಹೋದ ಕೂಸಿನ ಮುಂದೆ ಯಾರ ಹಾಡು ಕೇಳೀತು?

ಇಲ್ಲೊಂದು ಪೂರ್ವಪಕ್ಷ: ಷವರ್ ಎಂಬುದು ಪಟ್ಟಣದ ವಸ್ತು, ಈ ಸೀಮೆಗೆ ಹೊಸತು. ಹಾಗನ್ನುವವರು ವಿಜಯಪುರದಿಂದ ಸಿಂದಗಿ ದಾರಿ ಹಿಡಿದು ಕುಮಟಗಿಯಲ್ಲಿ ಇಳಿಯತಕ್ಕದ್ದು. ಅಲ್ಲಿಯ ಆದಿಲಶಾಹಿ ನೀರುಮಹಲಿನಲ್ಲಿ ಛಾವಣಿಯಿಂದಲೇ ನೀರು ಚಿಮುಕಿಸುವ ಏರ್ಪಾಟಿತ್ತು. ಬೇಸಿಗೆಯ ಬಿಡಾರವಾದ್ದರಿಂದ ಸುಲ್ತಾನರಿಗೆ ನೀರು ಕಾಯಿಸುವ ಗೊಡವೆ ಇದ್ದಿರಲಾರದು. ಗೀಜರಿನ ಪ್ರಮೇಯ ಹೀಗೆ ನಮ್ಮ ಪಾಲಿಗೆ ಉಳಿಯಿತು.

ನೆಲದ ವಿಚಾರದಲ್ಲಿ ಮೂರು ಮತಗಳಿವೆ. ಅಳಿಯಮತದ ಪ್ರಕಾರ ಹೊಳೆಯುವುದೇ ನೆಲ. ಗೌಂಡಿಮತದ ಪ್ರಕಾರ ಇಳಿಜಾರು ಹೇಗಿದ್ದರೂ ನೀರು ತನ್ನ ದಾರಿ ತಾನು ಹುಡುಕಿಕೊಳ್ಳುತ್ತದೆ. ಆಯಿಮತಕ್ಕೆ ಗ್ರಂಥಾಧಾರವಿಲ್ಲ, ಸಂವಾದರೂಪದ ಶ್ರುತಿ ಮಾತ್ರ ಉಂಟು.

“ಆಯಿ, ಈ ಟೈಲ್ಸ್ ಹಾಕಿದ್ರ ಮಾರಿ ಕಾಣಸ್ತದ ನೋಡ್ರಿ.”

“ಮಾರಿ ನೋಡ್ಕೊಳ್ಳಾಕ ಕನ್ನಡಿ ಐತೆಪಾ ತಮ್ಮಾ. ನೀ ಕೂಸು ನಿಂದ್ರಾಕ ಜಾಗಾ ಮಾಡು.”

ಸಿದ್ಧಾಂತ: ಶಹಾಬಾದ, ತಾಳಿಕೋಟಿ ಕಡೆಯ ಫರಸಿಯನ್ನು ಪಾಲಿಶ್ ಮಾಡಿಸದೆ ಒರಟಾಗಿಯೇ ಹಾಸುವುದು. ಟೈಲ್ಸೇ ಬೇಕೆಂದರೆ ಕಾಲಿಗೆ ಹಿಡಿತ ಕೊಡುವ ಜಾತಿಯದು. ನೀರು ಮೋರಿಗೆ ಹರಿಯಬೇಕು, ಸಾಬೂನಿನ ನೊರೆ ನಿಲ್ಲಬಾರದು. ಅಳಿಯನ ಸಿಟ್ಟು ಎರಡು ದಿನದ್ದು.

ಇನ್ನು ಜಲಪ್ರಕರಣ. ಬಸವನ ಬಾಗೇವಾಡಿ ಸೀಮೆಯ ಆಲಮಟ್ಟಿ ಅಣೆಕಟ್ಟಿನಲ್ಲಿ ನೀರು 519.60 ಮೀಟರಿಗೆ ನಿಲ್ಲಬೇಕೋ, 524.256 ಮೀಟರಿಗೆ ಏರಬೇಕೋ ಎಂದು ರಾಜ್ಯಗಳು ವಾದಿಸುತ್ತಲೇ ಇವೆ. ಅಲ್ಲಿಯ 123 ಟಿಎಂಸಿ ನೀರಿಗೆ ನ್ಯಾಯಮಂಡಳಿ, ವಕೀಲರು, ನಕಾಶೆ ಎಲ್ಲ ಇವೆ. ಬಚ್ಚಲದ ಬಕೀಟಿಗೆ ಯಾರೂ ಇಲ್ಲ. ಆದರೆ ಈಗಷ್ಟೇ ನಡೆಯಲು ಕಲಿತ ಕೂಸಿಗೆ ಅಪಾಯದ ಮಟ್ಟವನ್ನು ಸಮುದ್ರಮಟ್ಟದಿಂದಲ್ಲ, ಬಕೀಟಿನ ತಳದಿಂದ ಅಳೆಯತಕ್ಕದ್ದು. ಕೂಸು ಮುಳುಗಲು 5 ಸೆಂಟಿಮೀಟರ್ ನೀರು ಸಾಕು. ಆ ವಯಸ್ಸಿನಲ್ಲಿ ಮೈಗಿಂತ ತಲೆಯ ಭಾರವೇ ಹೆಚ್ಚೆನ್ನುವಂತಿರುತ್ತದೆ; ಬಗ್ಗಿ ಇಣುಕಿದ ಕೂಸು ತಲೆಕೆಳಗಾದರೆ ತಾನಾಗಿ ಮೇಲೇಳಲಾರದು. ತುಂಬಿದ ಬಕೀಟು ಉರುಳುವುದಿಲ್ಲ, ಸದ್ದೂ ಆಗುವುದಿಲ್ಲ. ಇಲ್ಲಿ ಭಾಷ್ಯಕಾರ ತಮಾಷೆ ಮಾಡುತ್ತಿಲ್ಲ.

ಹಾಗಾದರೆ ನೀರೇ ತುಂಬಿಡಬಾರದೆ? ನಳ ಬಂದಾಗ ಲೋಟವನ್ನೂ ಬಿಡದೆ ತುಂಬಿಕೊಳ್ಳುವ ಈ ನಾಡಿನಲ್ಲಿ ಖಾಲಿ ಬಕೀಟಿನ ಉಪದೇಶ ಯಾವ ಸೊಸೆಯೂ ಒಪ್ಪದ ಮಾತು. ಆದ್ದರಿಂದ ಸಮನ್ವಯ: ತುಂಬುವುದಿದ್ದರೆ ಕೂಸಿನ ಎದೆಗಿಂತ ಎತ್ತರದ ಬ್ಯಾರಲ್ ತುಂಬಿ, ಬಿಗಿ ಮುಚ್ಚಳ ಹಾಕಿ. ಬಚ್ಚಲ ಬಾಗಿಲಿನ ಹೊರಚಿಲಕ ಕೂಸಿನ ಕೈಗೆ ಎಟುಕದಷ್ಟು ಮೇಲಿರಲಿ. ಒಳಚಿಲಕವೂ ಅಷ್ಟೇ ಮೇಲೆ. ಇಲ್ಲದಿದ್ದರೆ ಅಧಿಕಾರಿ ಒಳಗಿನಿಂದ ಹಾಕಿಕೊಂಡು ಓಣಿಯನ್ನೆಲ್ಲ ಕೂಡಿಸುತ್ತದೆ.

ಅಗ್ನಿಪ್ರಕರಣದ ಸೂತ್ರ ಒಂದೇ: ಪೂರ್ವಂ ತಣ್ಣೀರು, ಪಶ್ಚಾತ್ ಬಿಸಿನೀರು. ಬರಿಯ ಬಿಸಿನೀರಿನ ಬಕೀಟು ಅರೆಗಳಿಗೆಯೂ ಕೂಸಿನ ಬಳಿ ಇರಬಾರದು. 60 ಡಿಗ್ರಿಯ ನೀರು ದೊಡ್ಡವರ ಚರ್ಮವನ್ನೇ 5 ಸೆಕೆಂಡಿನೊಳಗೆ ಆಳವಾಗಿ ಸುಡಬಲ್ಲದು. ಕೂಸಿನ ಎಳೆ ಚರ್ಮಕ್ಕೆ ಅಷ್ಟು ಹೊತ್ತೂ ಬೇಡ. ಜಳಕಕ್ಕೆ 37 ಡಿಗ್ರಿಯ ಆಸುಪಾಸು ಸಾಕು. ಪ್ರಮಾಣ ಯಾವುದು? ಬೆರಳು ಪ್ರಮಾಣವಲ್ಲ, ಅದು ದಿನಾ ರೊಟ್ಟಿ ತಿರುವಿ ಬಿಸಿಗೆ ಒಗ್ಗಿಹೋಗಿದೆ. ಮೊಳಕೈಯೇ ಪ್ರತ್ಯಕ್ಷ ಪ್ರಮಾಣ.

ಬಕೀಟಿಗೆ ಇಳಿಬಿಡುವ ಕಾಯಿಲ್ ಕುರಿತು ಯಾವ ಮತದಲ್ಲೂ ಭಿನ್ನಾಭಿಪ್ರಾಯವಿಲ್ಲ: ಕೂಸಿರುವ ಮನೆಗೆ ಅದು ಬೇಡ. ಮನೆಯ ಕರೆಂಟಿಗೆ, ಸೋರಿಕೆ ಕಂಡೊಡನೆ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಗ್ಯಾಸ್ ಗೀಜರ್ ಇದ್ದರೆ ಬಚ್ಚಲದ ಹೊರಗೆ, ಗಾಳಿಯಾಡುವಲ್ಲಿ; ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಂಪು ಪಾನೀಯದ ಬಾಟಲಿಯಲ್ಲಿ ಆ್ಯಸಿಡ್ ತುಂಬಿಡುವವರಿಗೆ ಈ ಶಾಸ್ತ್ರದಲ್ಲಿ ಪ್ರಾಯಶ್ಚಿತ್ತವಿಲ್ಲ.

ಫಲಶ್ರುತಿ: ಇದನ್ನು ಪಾರಾಯಣ ಮಾಡಿದವರಿಗೆ ಯಾವ ಪುಣ್ಯವೂ ಬರುವುದಿಲ್ಲ. ಪುಸ್ತಕ ಮುಚ್ಚಿ, ಎದ್ದು ಹೋಗಿ ಬಕೀಟು ಬೋರಲು ಹಾಕಿ, ಚಿಲಕ ಹಾಕಿ ಬರ್ರಿ.